ಕಲ್ಲೋಳಿಯ ಕಬ್ಬಿನ ವಂಶಾವಳಿ: ತಳಿ ವಿನಿಮಯ ನೀತಿಯ ಒಂದು ವಿಮರ್ಶೆ

ಕೃಷಿ ವಿಜ್ಞಾನದಲ್ಲಿ ದೇಶಗಳ ನಡುವಣ ಸಹಕಾರವನ್ನು ಕುರಿತ ಚರ್ಚೆ ಬಹುಮಟ್ಟಿಗೆ ಒಪ್ಪಂದಗಳ ಸಹಿ, ನಿಯೋಗಗಳ ಭೇಟಿ ಮತ್ತು ಜಂಟಿ ಹೇಳಿಕೆಗಳ ಸುತ್ತಲೇ ನಡೆಯುತ್ತದೆ. ಆ ಸಹಕಾರ ಹೊಲವನ್ನು ಮುಟ್ಟಿದೆಯೇ, ಮುಟ್ಟಿದ್ದರೆ ಯಾವ ದಾರಿಯಲ್ಲಿ ಬಂದಿತು ಎಂಬುದನ್ನು ಪರೀಕ್ಷಿಸಲು ಬೆಳಗಾವಿ ಜಿಲ್ಲೆಯ ಮೂಡಲಗಿ ತಾಲ್ಲೂಕಿನ ಕಲ್ಲೋಳಿಯಂಥ ಊರು ದೆಹಲಿಗಿಂತ ತಕ್ಕ ಜಾಗವಾಗಿದೆ. ಘಟಪ್ರಭಾ ನೀರಾವರಿಯ ಈ ಸೀಮೆಯಲ್ಲಿ, ಅಂದರೆ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ, ಕಬ್ಬು ಮತ್ತು ಗೋವಿನಜೋಳ ಎರಡೂ ಮುಖ್ಯ ಬೆಳೆಗಳಾಗಿದ್ದು, ಎರಡೂ ವಿಜ್ಞಾನದ ಮೂಲಕ ಹೊರನಾಡುಗಳಿಗೆ ಋಣಿಯಾಗಿವೆ.

ಕಬ್ಬಿನ ಸಂಗತಿ ಹೆಚ್ಚು ಸ್ವಾರಸ್ಯಕರವಾಗಿದೆ. ದಕ್ಷಿಣ ಪ್ರಸ್ಥಭೂಮಿಯಲ್ಲಿ ಎರಡು ದಶಕಗಳಿಂದ ಮೇಲುಗೈ ಪಡೆದಿರುವ ಕೊ 86032 ತಳಿಯನ್ನು ಕೊಯಮತ್ತೂರಿನ ಕಬ್ಬು ತಳಿ ಸಂಸ್ಥೆ 2000ರಲ್ಲಿ ಬಿಡುಗಡೆ ಮಾಡಿತು. 1912ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯ ತಳಿಗಳಿಗೆಲ್ಲ ‘ಕೊ’ ಎಂಬುದು ಮೊದಲಕ್ಷರ. ಕೊ 86032ರ ಜನಕಗಳಲ್ಲೊಂದು ಕಡಲೂರು ಕೇಂದ್ರದ ಕೊಸಿ 671. ಅದರ ಒಂದು ಕಡೆಯ ಹಿರಿಯ ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನ ಕ್ಯೂ 63, ಇನ್ನೊಂದು ಕಡೆಯದು ಕೊ 775. ಕೊ 775ರಲ್ಲಿರುವುದು ಜಾವಾ ದ್ವೀಪದ ಪಿಒಜೆ 2878ರ ಅಂಶ. ಆ ಜಾವಾ ತಳಿಯನ್ನು 1921ರಲ್ಲಿ ಡಚ್ಚರ ಸಂಶೋಧನಾ ಕೇಂದ್ರವು ಕಾಡುಕಬ್ಬಿನ ರಕ್ತವನ್ನು ನಾಡಕಬ್ಬಿಗೆ ಕೂಡಿಸಿ, ಅಲ್ಲಿನ ತೋಟಗಳನ್ನು ಹಾಳುಗೆಡವುತ್ತಿದ್ದ ಸೆರೆ ಎಂಬ ರೋಗವನ್ನು ತಾಳಿಕೊಳ್ಳುವಂತೆ ರೂಪಿಸಿತ್ತು. ಕೊಯಮತ್ತೂರು ಅದೇ ವಿಧಾನವನ್ನು ಆ ತಳಿಗಿಂತ ಮೊದಲೇ ತನ್ನದೇ ಕಾಡುಕಬ್ಬಿನ ಮೇಲೆ ಪ್ರಯೋಗಿಸಿ 1918ರಲ್ಲಿ ಕೊ 205ನ್ನು ಹೊರತಂದಿತ್ತೆಂಬುದನ್ನೂ ನೆನೆಯಬೇಕು.

ಈ ಕೊಡುಕೊಳೆ ಒಮ್ಮುಖವಾಗಿರಲಿಲ್ಲ. ಕೊ 421 ಮತ್ತು ಕೊ 312ರ ಸಂಕರದಿಂದ ಬಂದ ಬೀಜ ಕೊಯಮತ್ತೂರಿನಿಂದ ದಕ್ಷಿಣ ಆಫ್ರಿಕದ ನಟಾಲಿಗೆ ಹೋಯಿತು. ಇಲ್ಲಿ ಬೀಜವೆಂದರೆ ರೈತರು ನಾಟಿ ಮಾಡುವ ತುಂಡಲ್ಲ, ಸೂಲಂಗಿಯ ನವಿರಿನಲ್ಲಿ ಅಡಗಿರುವ ನಿಜವಾದ ಬೀಜ. ಅದರಿಂದ ಆಯ್ದ ಎನ್‌ಕೊ 310 ತಳಿ 1945ರಲ್ಲಿ ಬಿಡುಗಡೆಯಾಗಿ, ಮುಂದೆ ತೈವಾನಿನ ಕಬ್ಬಿನ ಕ್ಷೇತ್ರದ ಬಹುಭಾಗವನ್ನೂ ಆವರಿಸಿತು. ವರ್ಣಭೇದದ ವಿರುದ್ಧ ಭಾರತವು ದಕ್ಷಿಣ ಆಫ್ರಿಕದೊಡನೆ ವ್ಯಾಪಾರವನ್ನೇ ನಿಲ್ಲಿಸಿದ್ದು ಅದರ ಮರುವರ್ಷ, 1946ರಲ್ಲಿ. ಆದರೆ ಈ ಹಳೆಯ ವಿನಿಮಯವನ್ನು ಸುವರ್ಣಯುಗವೆಂದು ಹಾಡಿ ಹೊಗಳುವುದು ತಪ್ಪಾದೀತು. ಅದು ವಸಾಹತು ಸರ್ಕಾರಗಳ ಮತ್ತು ತೋಟದ ಮಾಲೀಕರ ಅಗತ್ಯದಿಂದ ಹುಟ್ಟಿದ್ದು, ನಟಾಲಿನ ಕಬ್ಬಿನ ಗದ್ದೆಗಳಲ್ಲಿ 1860ರಿಂದ ದುಡಿದ ಭಾರತೀಯ ಕರಾರು ಕೂಲಿಗಳಿಗೆ ಅದರಲ್ಲಿ ಯಾವ ಮಾತೂ ಇರಲಿಲ್ಲ. ಅದರ ಗುಣವಿದ್ದದ್ದು ಬೇರೆ ಕಡೆ: ಒಂದು ಕೇಂದ್ರ ಕೊಟ್ಟದ್ದನ್ನು ಇನ್ನೊಂದು ಕೇಂದ್ರ ತನ್ನ ಮಣ್ಣಿನಲ್ಲಿ ಬೆಳೆದು, ಸೋಸಿ, ತನಗೆ ಬೇಕಾದುದನ್ನು ಆಯ್ದುಕೊಳ್ಳುತ್ತಿತ್ತು.

ದೇಶದೊಳಗೆ ಆ ಪದ್ಧತಿ ಈಗಲೂ ನಡೆದಿದೆ. ಉತ್ತರ ಕರ್ನಾಟಕದಲ್ಲಿ ಕಬ್ಬು ಸಂಕರಕ್ಕೆ ಬೇಕಾದಷ್ಟು ಹೂ ಬಿಡದ ಕಾರಣ ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರ ಕೃಷಿ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಸಂಕರವನ್ನು ಕೊಯಮತ್ತೂರಿನಲ್ಲಿ ಮಾಡಿಸಿ, ಸಸಿಗಳನ್ನು ಇಲ್ಲಿ ಬೆಳೆಸಿ, ಹತ್ತು ಹನ್ನೆರಡು ವರ್ಷಗಳ ಆಯ್ಕೆಯ ನಂತರ ‘ಕೊಎಸ್‌ಎನ್‌ಕೆ’ ಎಂಬ ಗುರುತಿನ ತಳಿಗಳನ್ನು ರೂಪಿಸುತ್ತಾರೆ. ವಿಧಾನದಲ್ಲಿ ದೋಷ ಹುಡುಕುವುದು ಕಷ್ಟ. ದೋಷವಿರುವುದು ಅದರ ಮುಂದಿನ ಹಂತದಲ್ಲಿ. ಆಯ್ಕೆಯಾದ ತಳಿಯ ರೋಗಮುಕ್ತ ತುಂಡುಗಳನ್ನು ಹಂತಹಂತವಾಗಿ ಹೆಚ್ಚಿಸಿ ರೈತರಿಗೆ ತಲುಪಿಸುವ ಬೀಜದ ತಾಕುಗಳು ಸಾಕಷ್ಟಿಲ್ಲದೆ, ಅಕ್ಕಪಕ್ಕದ ಹೊಲದ ಕಬ್ಬೇ ಮರುವರ್ಷದ ಬೀಜವಾಗುವ ರೂಢಿ ಬಲವಾಗಿರುವಲ್ಲಿ, ಸಂಕೇಶ್ವರದ ಹೊಸ ತಳಿ ಕಲ್ಲೋಳಿಯನ್ನು ಮುಟ್ಟುವುದು ಜಾವಾದ ಅಂಶ ಕೊಯಮತ್ತೂರನ್ನು ಮುಟ್ಟಿದ್ದಕ್ಕಿಂತ ನಿಧಾನವೆನ್ನಬೇಕಾಗುತ್ತದೆ. ಕಾರ್ಖಾನೆಗಳಿಗೂ ರಿಕವರಿ, ಅಂದರೆ ಅರೆದ ಕಬ್ಬಿನಿಂದ ದೊರೆಯುವ ಸಕ್ಕರೆಯ ಪ್ರಮಾಣ, ಗೊತ್ತಿರುವ ಹಳೆಯ ತಳಿಯೇ ಹಿತ. ಒಂದೇ ತಳಿಯನ್ನು ನೆಚ್ಚುವ ಅಪಾಯವನ್ನು ಉತ್ತರ ಭಾರತ ಕಣ್ಣಾರೆ ಕಂಡಿದೆ: ಕರ್ನಾಲಿನ ಕೇಂದ್ರದಿಂದ 2009ರಲ್ಲಿ ಬಂದು ಉತ್ತರ ಪ್ರದೇಶವನ್ನು ತುಂಬಿದ ಕೊ 0238, ಹತ್ತು ವರ್ಷ ಕಳೆಯುವಷ್ಟರಲ್ಲಿ, ಕಾಂಡದೊಳಗೇ ಕೊಳೆಸುವ ಕೆಂಪುಕೊಳೆ ಎಂಬ ಶಿಲೀಂಧ್ರ ರೋಗಕ್ಕೆ ತುತ್ತಾಯಿತು. ಬೆಳಗಾವಿ ಜಿಲ್ಲೆಗೂ ಇಂಥ ಆಘಾತ ಹೊಸದಲ್ಲ. 2002ರಲ್ಲಿ ಸಾಂಗಲಿಯ ಕಡೆ ಕಾಣಿಸಿಕೊಂಡ ಬಿಳಿ ಉಣ್ಣೆ ಹೇನು ಗಡಿ ದಾಟಿ ಇಲ್ಲಿಗೂ ಹಬ್ಬಿದಾಗ, ಧಾರವಾಡದ ಕೃಷಿ ವಿಶ್ವವಿದ್ಯಾಲಯ ಅದನ್ನು ತಿನ್ನುವ ಪರಭಕ್ಷಕ ಕೀಟಗಳನ್ನು ಬೆಳೆಸಿ ಹಂಚಬೇಕಾಯಿತು.

ರಾಷ್ಟ್ರೀಯ ನೀತಿ ಇದನ್ನು ಹೇಗೆ ಕಂಡಿದೆ? 2001ರಲ್ಲಿ ಅಂಗೀಕಾರವಾಗಿ 2004ರಲ್ಲಿ ಜಾರಿಗೆ ಬಂದ ಸಸ್ಯ ಆನುವಂಶಿಕ ಸಂಪನ್ಮೂಲಗಳ ಅಂತರರಾಷ್ಟ್ರೀಯ ಒಪ್ಪಂದವು 64 ಬೆಳೆಗಳನ್ನು ಪಟ್ಟಿಮಾಡಿ, ಅವುಗಳ ತಳಿಗಳನ್ನು ಒಂದೇ ಬಗೆಯ ಕರಾರಿನ ಮೇಲೆ ಹಂಚಿಕೊಳ್ಳುವ ವ್ಯವಸ್ಥೆ ಮಾಡಿತು. ಗೋವಿನಜೋಳ ಆ ಪಟ್ಟಿಯಲ್ಲಿದೆ, ಕಬ್ಬು ಇಲ್ಲ. ಆದ್ದರಿಂದ ಕಬ್ಬಿನ ವಿನಿಮಯ ಆಯಾ ದೇಶಗಳ ನಡುವಿನ ಬಿಡಿ ಮಾತುಕತೆಗೆ, 2002ರ ಜೀವವೈವಿಧ್ಯ ಕಾಯ್ದೆಯ ಅನುಮತಿಗೆ ಮತ್ತು ಸಸ್ಯ ಸಂಪರ್ಕನಿಷೇಧದ ತಪಾಸಣೆಗೆ ಒಳಪಡುತ್ತದೆ. ತಪಾಸಣೆ ಬೇಕೇಬೇಕು, ಏಕೆಂದರೆ ಕಬ್ಬಿನ ತುಂಡು ತನ್ನೊಡನೆ ರೋಗವನ್ನೂ ಹೊತ್ತು ತರಬಲ್ಲದು. ಜೀವವೈವಿಧ್ಯ ಕಾಯ್ದೆಯೂ ನ್ಯಾಯವಾದದ್ದೇ. ಆದರೆ ಸಕ್ಕರೆ ಮಾರುಕಟ್ಟೆಯ ಪ್ರತಿಸ್ಪರ್ಧಿಗಳಾದ ಆಸ್ಟ್ರೇಲಿಯ, ಬ್ರೆಜಿಲ್ ಮತ್ತು ಗ್ವಾಟೆಮಾಲ 2019ರಲ್ಲಿ ಭಾರತದ ಸಕ್ಕರೆ ಬೆಂಬಲ ಕ್ರಮಗಳ ವಿರುದ್ಧ ವಿಶ್ವ ವ್ಯಾಪಾರ ಸಂಸ್ಥೆಯ ಮೊರೆಹೊಕ್ಕ ಕಾಲದಲ್ಲಿ, ಕ್ಯೂ 63ರಂಥ ಇನ್ನೊಂದು ಹಿರಿಯ ಸಲೀಸಾಗಿ ಸಿಕ್ಕೀತೆಂದು ನಂಬಿ ಕೂರುವುದು ಭೋಳೆತನ.

ಗೋವಿನಜೋಳದ ವಿಷಯದಲ್ಲಿ ನೀತಿ ಹೆಚ್ಚು ಚುರುಕಾಗಿದೆ. ಮೆಕ್ಸಿಕೊ ಮೂಲದ ಸಿಮಿಟ್ ಸಂಸ್ಥೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದೊಡನೆ ಸೇರಿ 2021ರಲ್ಲಿ ಕುಣಿಗಲ್ಲಿನಲ್ಲಿ ದ್ವಿಗುಣಿತ ಏಕಗುಣಿ ಸೌಲಭ್ಯವನ್ನು ತೆರೆಯಿತು. ಆರೇಳು ಪೀಳಿಗೆಗಳಲ್ಲಿ ಸಿದ್ಧವಾಗುವ ಶುದ್ಧ ಜನಕ ತಳಿಯನ್ನು ಎರಡೇ ಪೀಳಿಗೆಗಳಲ್ಲಿ ಪಡೆಯುವ ತಂತ್ರವಿದು. ಇದು ನಿಸ್ಸಂದೇಹವಾಗಿ ದೊಡ್ಡ ಸಾಧನೆ. ಆದರೆ ಅಲ್ಲಿ ಹುಟ್ಟಿದ ಸಾಲುಗಳು ಘಟಪ್ರಭಾ ಸೀಮೆಗೆ ಒಗ್ಗುತ್ತವೆಯೇ ಎಂಬುದು ಕಲ್ಲೋಳಿಯ ನೆರೆಯ ಅರಭಾವಿ ಸಂಶೋಧನಾ ಕೇಂದ್ರದಂಥ ಕಡೆಯ ಪರೀಕ್ಷೆಯಿಂದಲೇ ತಿಳಿಯಬೇಕು. 2023ರ ಸೆಪ್ಟೆಂಬರಿನಲ್ಲಿ ದೆಹಲಿಯ ಜಿ-20 ಸಭೆಯಲ್ಲಿ ಘೋಷಣೆಯಾದ ಜಾಗತಿಕ ಜೈವಿಕ ಇಂಧನ ಮೈತ್ರಿಕೂಟ ಎಥೆನಾಲಿನ ಬೇಡಿಕೆಯನ್ನು ದೊಡ್ಡ ದನಿಯಲ್ಲಿ ಸಾರಿತು. ಆ ಎಥೆನಾಲಿಗೆ ಕಬ್ಬು ಮತ್ತು ಗೋವಿನಜೋಳ ಒದಗಿಸಬೇಕಾದ ಸೀಮೆಯ ತಳಿ ಪರೀಕ್ಷೆಗೆ ಅದೇ ಗಾತ್ರದ ದನಿ ಏಳಲಿಲ್ಲ. ಬೇರೆ ದೇಶದಿಂದ ತಳಿ ತರುವ ಪ್ರತಿಯೊಂದು ಒಪ್ಪಂದದಲ್ಲಿಯೇ ಸಂಕೇಶ್ವರ ಮತ್ತು ಅರಭಾವಿಯಂಥ ಕೇಂದ್ರಗಳ ಪರೀಕ್ಷೆಗೂ ರೈತರ ಬೀಜದ ತಾಕುಗಳಿಗೂ ಹಣವನ್ನು ಹೆಸರಿಟ್ಟು ಮೀಸಲಿಡುವಂತೆ, ಕಬ್ಬು ಅರೆಯುವ ಕಾರ್ಖಾನೆಗಳೂ ಅದರಲ್ಲಿ ಪಾಲು ಹೊರುವಂತೆ ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ನಿಯಮ ಮಾಡಬೇಕು.