ಒರೆಗೆ ಹಚ್ಚಬೇಕಾದ್ದು ಬಡವರ ತಟ್ಟೆಯನ್ನು

ತಾರಾ ಹೋಟೆಲಿನ ಇಟಾಲಿಯನ್ ರೆಸ್ಟೋರೆಂಟಿನಲ್ಲಿ ಮೆನು ಕೈಗೆ ಬಂತೆಂದರೆ ನಾನು ಮೊದಲು ಹುಡುಕುವುದು ಅಲ್ಲಿಯ ಅತಿ ಬಡ ತಿನಿಸನ್ನು. ಅದರ ಹೆಸರು ಸ್ಪಗೆಟಿ ಆಲ್ಯೊ ಎ ಓಲ್ಯೊ. ಬೆಳ್ಳುಳ್ಳಿ, ಆಲಿವ್ ಎಣ್ಣೆ, ಒಣಮೆಣಸಿನಕಾಯಿ, ಮೇಲೊಂದಿಷ್ಟು ಸೊಪ್ಪು. ಮನೆಯಲ್ಲಿ ಬೇರೇನೂ ಇಲ್ಲದ ರಾತ್ರಿ ನೇಪಲ್ಸ್ ಕಡೆಯವರು ಮಾಡಿಕೊಳ್ಳುವ ಊಟ ಅದು. ಟ್ರಫಲ್, ಲಾಬ್‌ಸ್ಟರ್, ಕ್ರೀಮು ಬಿದ್ದ ತಟ್ಟೆಯಲ್ಲಿ ಅಡುಗೆಯವನ ಲೋಪ ಮರೆಯಾಗಲು ಹತ್ತು ಜಾಗಗಳಿವೆ. ಇಲ್ಲಿ ಒಂದೂ ಇಲ್ಲ. ಹಿಟ್ಟು ಕೆಟ್ಟಿದ್ದರೆ ಹಿಟ್ಟು ಹೇಳುತ್ತದೆ, ಒಗ್ಗರಣೆ ಸೀದಿದ್ದರೆ ಮೂಗು ಹೇಳುತ್ತದೆ.

ಗದಗ-ಬೆಟಗೇರಿಯಿಂದ ಅಂಥ ಮೇಜಿಗೆ ಹೋಗಬೇಕಾದರೆ ರಾತ್ರಿ ರೈಲು ಹತ್ತಿ ಬೆಂಗಳೂರು ಸೇರಬೇಕು. ಅಲ್ಲಿ ಐಟಿಸಿ ಗಾರ್ಡೇನಿಯಾದ ಒಟ್ಟಿಮೊ ಇದೆ, ವೈಟ್‌ಫೀಲ್ಡಿನ ಮ್ಯಾರಿಯಟ್‌ನಲ್ಲಿ ಆಲ್ಟೊ ವಿನೊ ಇದೆ. ನಮ್ಮ ಕಡೆಯ ಹಿರಿಯರು ಇಂಥಲ್ಲಿಗೆ ಹೋಗುವುದು ಸಾಮಾನ್ಯವಾಗಿ ಐಟಿ ಕಂಪನಿಯಲ್ಲಿರುವ ಮಗನೋ ಮಗಳೋ ಕರೆದೊಯ್ದಾಗ. ಲಕ್ಷ್ಮೇಶ್ವರದ ಅಪ್ಪ, ಶಿರಹಟ್ಟಿಯ ಸೋದರಮಾವ, ಮುಂಡರಗಿಯ ಅತ್ತೆ ಮೂವರೂ ತೊಡೆಯ ಮೇಲೆ ನ್ಯಾಪ್‌ಕಿನ್ ಹಾಸಿಕೊಂಡು ಪರೀಕ್ಷೆಗೆ ಕೂತವರ ಹಾಗೆ ಕೂರುತ್ತಾರೆ. “ನಮಗೇನ್ ತಿಳೀತದ, ನೀನ ಹೇಳಪಾ” ಎಂದು ಮೆನು ಮಗನ ಕೈಗೆ ದಾಟಿಬಿಡುತ್ತದೆ. ನನ್ನ ವಾದ ಇಷ್ಟೇ: ಆ ಮೇಜಿನಲ್ಲಿ ಪಾಸ್ತಾದ ಮೇಲೆ ತೀರ್ಪು ಕೊಡುವ ಅಧಿಕಾರ ಇರುವುದು ಮಗನಿಗಲ್ಲ, ಮುಂಡರಗಿಯ ಅತ್ತೆಗೆ.

ಯಾಕೆಂದರೆ ಪಾಸ್ತಾ ಮೊದಲು ಗೋಧಿಯ ಮಾತು, ಆಮೇಲೆ ಸಾಸಿನದು. ಒಣ ಪಾಸ್ತಾ ಮಾಡುವುದು ಡ್ಯೂರಮ್ ಗೋಧಿಯ ರವೆಯಿಂದ. ಇಟಲಿಯಲ್ಲಿ ಇದು ಬರೀ ರೂಢಿಯಲ್ಲ, 1967ರಲ್ಲಿ ಕಾನೂನೇ ಆಯಿತು. ನಮ್ಮ ಅಂಗಡಿಗಳಲ್ಲಿ ಬನ್ಸಿ ರವಾ ಎಂದು ಮಾರುವುದೂ ಇದೇ ಡ್ಯೂರಮ್ ಗೋಧಿಯ ರವೆಯನ್ನೇ. ಚಪಾತಿ, ಬ್ರೆಡ್ಡಿನ ಗೋಧಿಗೆ 42 ವರ್ಣತಂತುಗಳು, ಡ್ಯೂರಮ್‌ಗೆ 28. ಕಾಳು ಗಟ್ಟಿ, ಬಣ್ಣ ಜೇನಿನದು. ಬೀಸಿದರೆ ಸುಲಭಕ್ಕೆ ಹಿಟ್ಟಾಗದೆ ಹರಳು ಹರಳು ರವೆಯಾಗಿ ಒಡೆಯುತ್ತದೆ. ನಾದಿದರೆ ಜಗ್ಗುವುದು ಕಡಿಮೆ, ಬಿಗಿ ಹೆಚ್ಚು. ಆದ್ದರಿಂದಲೇ ಉಬ್ಬಿದ ಬ್ರೆಡ್ಡಿಗೆ ಇದು ಅಷ್ಟು ಒಗ್ಗುವುದಿಲ್ಲ, ಎಳೆಗೆ ಹೇಳಿ ಮಾಡಿಸಿದ್ದು. ಹಿಂಗಾರಿಗೆ ಎರೆಭೂಮಿಯಲ್ಲಿ ಬಿತ್ತಿ, ಮಣ್ಣಿನಲ್ಲಿ ಉಳಿದ ತೇವದ ಮೇಲೆಯೇ ಈ ಬೆಳೆ ತೆಗೆಯುವುದು ನಮ್ಮ ಸೀಮೆಗೆ ಹಳೆಯ ಸಂಗತಿ. ಇಟಲಿಯ ದಕ್ಷಿಣದಲ್ಲಿ, ಫೋಜಾ ಪಟ್ಟಣದ ಸುತ್ತಲ ಬಯಲಿನಲ್ಲೂ ಹಾಗೆಯೇ ಕಣ್ಣು ಹಾಯುವಷ್ಟು ದೂರ ಡ್ಯೂರಮ್. ಅಲ್ಲಿಯೂ ಬೇಸಿಗೆ ಕಡು, ಮಳೆ ಕಡಿಮೆ.

ಡ್ಯೂರಮ್‌ಗೂ ಒಬ್ಬ ಹಿರಿಯಜ್ಜ ಇದ್ದಾನೆ. ಸದಕ, ಖಪಲಿ, ಜವೆಗೋಧಿ ಎಂದೆಲ್ಲ ಕರೆಯುವ, ಹೊಟ್ಟು ಸುಲಭಕ್ಕೆ ಬಿಡದ ಗೋಧಿ. ಇಟಲಿಯಲ್ಲಿ ಅದು ಫಾರೊ. ಟಸ್ಕನಿಯ ಗಾರ್ಫನ್ಯಾನಾ ಕಣಿವೆಯ ಫಾರೊಗೆ 1996ರಲ್ಲೇ ಐರೋಪ್ಯ ಒಕ್ಕೂಟದ ಭೌಗೋಳಿಕ ಮಾನ್ಯತೆ ಸಿಕ್ಕಿದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಇದೇ ಸದಕದಲ್ಲಿ ಡಿಡಿಕೆ 1009, 1025, 1029 ಎಂಬ ತಳಿಗಳನ್ನು ಕೊಟ್ಟಿದೆ. ಮೆನುವಿನಲ್ಲಿ ‘ಫಾರೊ ಸಲಾಡ್’ ಕಂಡರೆ ಶಿರಹಟ್ಟಿಯ ಮಾವ ಹೆದರಬೇಕಾಗಿಲ್ಲ. ಅವರಜ್ಜ ಹುಗ್ಗಿ ಉಂಡದ್ದು ಅದರದೇ.

ಇನ್ನು ಕೈ. ಬೇಸಿಗೆಯಲ್ಲಿ ನಮ್ಮ ಮನೆಗಳಲ್ಲಿ ಶಾವಿಗೆ ಹೊಸೆಯುವುದನ್ನು ಕಂಡವರಿಗೆ ಪಾಸ್ತಾದ ಕಾರ್ಖಾನೆಯಲ್ಲಿ ಹೊಸದಾಗಿ ಕಲಿಯುವುದು ಹೆಚ್ಚೇನಿಲ್ಲ. ಗೋಧಿಗೆ ನೀರು ಹಚ್ಚಿ, ನೆರಳಿಗೆ ಹಾಕಿ, ಬೀಸಿ, ತೆಳು ಬಟ್ಟೆಯಲ್ಲಿ ಸೋಸಿ ಸಣ್ಣ ರವೆ ತೆಗೆಯುತ್ತಾರೆ. ಕಣಕ ಗಟ್ಟಿ ಕಲಸಿ, ಕುಟ್ಟಿ, ನೆನೆಯಲು ಬಿಡುತ್ತಾರೆ. ಶಾವಿಗೆ ಮಣೆಯ ಗೀರುಗಳ ಮೇಲೆ ಉಜ್ಜಿ ಎಳೆ ಇಳಿಸಿ, ಕೋಲಿಗೆ ಹಾಕಿ ಒಣಗಿಸುತ್ತಾರೆ. ಎಳೆ ಹರಿದರೆ ನಾದಿದ್ದು ಸಾಲದು, ಅಂಟಿದರೆ ನೀರು ಹೆಚ್ಚು. ಗವಲಿ, ಪರಡಿ, ಬಟವಿ ಅಂತೂ ಬೆರಳ ತುದಿಯ ಕೆಲಸವೇ. ಇಟಲಿಯ ಬಾರಿ ಪಟ್ಟಣದ ಹಳೆಯ ಓಣಿಯಲ್ಲಿ ಹೆಂಗಸರು ಮನೆ ಮುಂದೆ ಹಲಗೆ ಇಟ್ಟುಕೊಂಡು, ಅದೇ ರವೆಯ ಕಣಕವನ್ನು ಚಾಕುವಿನಿಂದ ಎಳೆದು ಹೆಬ್ಬೆರಳಿಂದ ಮಗುಚಿ, ಕಿವಿಯಾಕಾರದ ಒರೆಕ್ಯೆತ್ತೆ ಮಾಡುತ್ತಾರೆ. ನೇಪಲ್ಸ್ ಬಳಿಯ ಗ್ರಾನ್ಯಾನೊದಲ್ಲಿ ಕಂಚಿನ ಅಚ್ಚಿನಿಂದ ಎಳೆ ಹೊರಡಿಸುತ್ತಾರೆ. ಕಂಚು ಎಳೆಯ ಮೈಯನ್ನು ಒರಟು ಮಾಡುತ್ತದೆ, ಒರಟು ಮೈ ಸಾಸನ್ನು ಹಿಡಿಯುತ್ತದೆ. ನಿಧಾನಕ್ಕೆ, ಕಡಿಮೆ ಶಾಖದಲ್ಲಿ ಒಣಗಿಸಿದಷ್ಟೂ ಗೋಧಿಯ ಪರಿಮಳ ಉಳಿಯುತ್ತದೆ. ತಟ್ಟೆ ಬಂದಾಗ ಎಳೆಯನ್ನು ನೋಡಿ: ಗಾಜಿನಂತೆ ಹೊಳೆದರೆ ಅಗ್ಗದ್ದು, ಮೈ ಮಂದವಾಗಿ ಹಿಟ್ಟು ಸವರಿದಂತಿದ್ದರೆ ಒಳ್ಳೆಯದು.

ಜಗಳ ಹುಟ್ಟುವುದು ಬೇಯಿಸುವಲ್ಲಿ. “ಏ ತಮ್ಮಾ, ಇದು ಇನ್ನೂ ಬೆಂದಿಲ್ಲಲ್ಲೋ” ಎಂದು ಹಿರಿಯರು ಮಾಣಿಯನ್ನು ಕರೆಯುವುದು, ಅವನು ನಗುತ್ತ ತಟ್ಟೆ ಒಳಗೊಯ್ಯುವುದು, ಅದು ಮುದ್ದೆಯಾಗಿ ವಾಪಸು ಬರುವುದು ನಾನು ಬಹಳ ಕಡೆ ಕಂಡ ನೋಟ. ಇದಕ್ಕೆ ಹೆದರಿಯೇ ಎಷ್ಟೋ ಅಡುಗೆಮನೆಗಳು ನಮ್ಮವರಿಗೆಂದು ಮೊದಲೇ ನಾಲ್ಕು ನಿಮಿಷ ಹೆಚ್ಚು ಕುದಿಸಿಬಿಡುತ್ತವೆ. ಶಾವಿಗೆ ಬಸಿದವರಿಗೆ ಗೊತ್ತು: ಎಳೆ ಎಳೆ ಬೇರೆಯಾಗಿ ನಿಂತರೆ ಮಾತ್ರ ಹಾಲು ತುಪ್ಪ ಸಕ್ಕರೆಗೆ ಅರ್ಥ. ಪಾಸ್ತಾದ ಎಳೆ ದಪ್ಪ, ಅದರ ಬಿಗಿಯೂ ಹೆಚ್ಚು, ಅಷ್ಟೇ ವ್ಯತ್ಯಾಸ. ನೂರು ಗ್ರಾಂ ಪಾಸ್ತಾಕ್ಕೆ ಒಂದು ಲೀಟರ್ ನೀರು, ಹತ್ತು ಗ್ರಾಂ ಉಪ್ಪು, ಪೊಟ್ಟಣದ ಮೇಲೆ ಬರೆದ ಹೊತ್ತಿಗಿಂತ ಒಂದು ನಿಮಿಷ ಮೊದಲೇ ಎತ್ತುವುದು, ಉಳಿದ ಬೇಯುವಿಕೆ ಬಾಣಲೆಯಲ್ಲಿ. ಹಲ್ಲಿಗೆ ಸ್ವಲ್ಪ ತಡೆ ಸಿಗಬೇಕು, ಹಸಿ ಹಿಟ್ಟಿನ ರುಚಿ ಬರಬಾರದು. ನಾಲ್ಕು ತುತ್ತು ಅಗಿದು ನೋಡಿ, ಆಮೇಲೆ ಮಾಣಿಯನ್ನು ಕರೆಯಿರಿ.

ಒಗ್ಗರಣೆಯ ವಿಷಯದಲ್ಲಿ ನಮ್ಮವರಿಗೆ ಪಾಠ ಬೇಡ. ಬೆಳ್ಳುಳ್ಳಿ ಹೊಂಬಣ್ಣಕ್ಕೆ ತಿರುಗುವುದಕ್ಕೂ ಕಂದಾಗಿ ಕಹಿಯಾಗುವುದಕ್ಕೂ ನಡುವೆ ಇರುವುದು ಕೆಲವೇ ಕ್ಷಣ. ಒಳ್ಳೆಯ ಕೈ ಅಲ್ಲಿ ಪಾಸ್ತಾ ಬಸಿದ ನೀರಿನ ಒಂದು ಸೌಟು ಹೊಯ್ಯುತ್ತದೆ. ಎಳೆಯಿಂದ ನೀರಿಗಿಳಿದ ಪಿಷ್ಟ ಎಣ್ಣೆ ನೀರುಗಳನ್ನು ಬೆಸೆದು ತೆಳು ಹೊದಿಕೆ ಮಾಡುತ್ತದೆ. ತಟ್ಟೆಯ ತಳದಲ್ಲಿ ಎಣ್ಣೆ ಮಡುಗಟ್ಟಿದ್ದರೆ ಈ ಬೆಸುಗೆ ಆಗಿಲ್ಲವೆಂದೇ ಅರ್ಥ. ಮೆಣಸಿನಕಾಯಿ ಅವರಿಗೂ ನಮಗೂ ಅಮೆರಿಕ ಖಂಡದಿಂದ ಬಂದದ್ದೇ, ಐದು ನೂರು ವರ್ಷಗಳ ಈಚೆಗೆ. ಇಟಲಿಯ ಕಲಾಬ್ರಿಯಾದವರ ಕಾಯಿಯಲ್ಲಿ ಖಾರ ಮುಂದೆ. ನಮ್ಮ ಸೀಮೆಯ ಬ್ಯಾಡಗಿಯಲ್ಲಿ ಬಣ್ಣ ಮುಂದೆ, ಖಾರ ಹಿಂದೆ. ಆಲಿವ್ ಎಣ್ಣೆಗೆ ಬ್ಯಾಡಗಿ ಬಿದ್ದರೆ ಇಡೀ ತಟ್ಟೆ ಕೆಂಪೇರುತ್ತದೆ, ಬೆಳ್ಳುಳ್ಳಿಯ ಮಾತು ಕೇಳುವಷ್ಟು ಮೆತ್ತಗಿರುತ್ತದೆ.

ಸಸ್ಯಾಹಾರಿ ಮನೆಗಳಿಂದ ಬಂದವರಿಗೆ ಒಂದಿಷ್ಟು ಎಚ್ಚರಿಕೆ. ಒಣ ಸ್ಪಗೆಟಿಯಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುವುದಿಲ್ಲ, ಬೊಲೋನ್ಯಾ ಕಡೆಯ ಹಸಿ ತಾಲ್ಯತೆಲ್ಲೆಯ ಹಿಟ್ಟನ್ನು ಕಲಸುವುದೇ ಮೊಟ್ಟೆಯಲ್ಲಿ. ಪಾರ್ಮಿಜಾನೊ ರೆಜ್ಜಾನೊ ಚೀಸಿಗೆ ಹಾಲು ಒಡೆಸುವುದು ಕರುವಿನ ಜಠರದಿಂದ ತೆಗೆದ ರೆನೆಟ್ಟಿನಿಂದ, ಪೆಕೊರಿನೊ ರೊಮಾನೊಗೆ ಕುರಿಮರಿಯದು. ತುಳಸಿಯ ಪೆಸ್ಟೊ ಹಸಿರಾಗಿದ್ದ ಮಾತ್ರಕ್ಕೆ ಸಸ್ಯಾಹಾರವಲ್ಲ, ಅದರಲ್ಲೂ ಈ ಚೀಸು ಇರುತ್ತದೆ. ರಿಸೊಟ್ಟೊದ ಅಕ್ಕಿ ಬೇಯುವ ಸಾರು ಕೋಳಿಯದಿರಬಹುದು. ಪನ್ನಾ ಕೊಟ್ಟಾದಲ್ಲಿ ಜೆಲಟಿನ್, ತಿರಾಮಿಸುವಿನಲ್ಲಿ ಹಸಿ ಮೊಟ್ಟೆ. ಕೇಳಲು ಸಂಕೋಚ ಬೇಡ. ಒಳ್ಳೆಯ ಹೋಟೆಲಿನ ಮಾಣಿ ಒಳಗೆ ಹೋಗಿ ಷೆಫ್‌ನನ್ನು ಕೇಳಿಕೊಂಡು ಬಂದು ಹೇಳುತ್ತಾನೆ. ಹಾರಿಕೆಯ ಉತ್ತರ ಬಂದರೆ ಆಲ್ಯೊ ಎ ಓಲ್ಯೊ ಇದ್ದೇ ಇದೆ, ಚೀಸ್ ಉದುರಿಸಬೇಡಿ ಎಂದರಾಯಿತು. ನೇಪಲ್ಸಿನಲ್ಲೂ ಅದಕ್ಕೆ ಚೀಸು ಕಡ್ಡಾಯವಲ್ಲ.

ಊಟದ ಕ್ರಮವೂ ತಿಳಿದಿರಲಿ. ನಮ್ಮಲ್ಲಿ ಎಲ್ಲವೂ ಒಂದೇ ತಟ್ಟೆಯಲ್ಲಿ ತಮ್ಮ ತಮ್ಮ ಜಾಗದಲ್ಲಿ ಕೂರುತ್ತವೆ, ಅವರಲ್ಲಿ ಒಂದಾದ ಮೇಲೊಂದು ಬರುತ್ತವೆ. ಪಾಸ್ತಾ ಅವರಿಗೆ ಮೊದಲ ಸರದಿ, ಮುಖ್ಯ ಊಟವಲ್ಲ. ಆದ್ದರಿಂದಲೇ ತಟ್ಟೆ ಅಗಲ, ಪಾಸ್ತಾ ಹಿಡಿಯಷ್ಟು. ಇಬ್ಬರಿಗೆ ಒಂದೊಂದರಂತೆ ತರಿಸಿ ಹಂಚಿಕೊಂಡರೆ ಹೆಚ್ಚು ತಟ್ಟೆಗಳ ರುಚಿ ನೋಡಬಹುದು. ಬಿಲ್ಲಿನ ಕಡೆಯೂ ಒಂದು ಕಣ್ಣಿರಲಿ: ಕೋಣೆ ಬಾಡಿಗೆ ದಿನಕ್ಕೆ 7,500 ರೂಪಾಯಿ ದಾಟುವ ಹೋಟೆಲುಗಳಲ್ಲಿ ಊಟಕ್ಕೆ ಶೇ 18 ಜಿಎಸ್‌ಟಿ, ನಮ್ಮೂರ ಖಾನಾವಳಿಯ ಶೇ 5 ಅಲ್ಲ. ಸರ್ವಿಸ್ ಚಾರ್ಜ್ ಕಡ್ಡಾಯವಲ್ಲವೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ. ಕೊಡುವುದು ಬಿಡುವುದು ನಿಮ್ಮ ಮನಸ್ಸು.

ಸಾವಿರ ರೂಪಾಯಿ ದಾಟುವ ಒಂದು ತಟ್ಟೆ ಪಾಸ್ತಾಕ್ಕೆ ಆ ಬೆಲೆ ಸಲ್ಲುತ್ತದೆಯೇ? ಎಳೆ ಬಿಗಿಯಾಗಿ, ಗೋಧಿಯ ಪರಿಮಳವಿದ್ದು, ಎಣ್ಣೆ ಎಳೆಗೆ ಅಂಟಿ ನಿಂತಿದ್ದರೆ ನಾನು ಸಲ್ಲುತ್ತದೆ ಎನ್ನುತ್ತೇನೆ. ಅಷ್ಟು ಸರಳ ತಿನಿಸನ್ನು ಅಷ್ಟು ಚೊಕ್ಕವಾಗಿ ಮಾಡುವ ಕೈ ಎಲ್ಲಿಯೂ ಅಗ್ಗವಲ್ಲ. ಆದರೆ ತಕರಾರೊಂದು ಉಳಿಯುತ್ತದೆ. ದೊಡ್ಡ ಹೋಟೆಲುಗಳು ಮೆನುವಿನಲ್ಲಿ ಗ್ರಾನ್ಯಾನೊದ ಹೆಸರನ್ನು ಹೆಮ್ಮೆಯಿಂದ ಅಚ್ಚು ಮಾಡುತ್ತವೆ, ಆ ಊರಿನ ಪಾಸ್ತಾಕ್ಕೆ 2013ರಿಂದ ಭೌಗೋಳಿಕ ಮಾನ್ಯತೆಯೂ ಇದೆ. ಬ್ಯಾಡಗಿ ಮೆಣಸಿನಕಾಯಿಗೆ ಆ ಮಾನ್ಯತೆ 2011ರಲ್ಲೇ ಬಂದರೂ ಅಂಥ ತಟ್ಟೆಯ ಪಕ್ಕದಲ್ಲಿ ಅದರ ಹೆಸರನ್ನು ನಾನು ಕಂಡಿಲ್ಲ. ಹಿಂಗಾರಿಗೆ ಕಡಲೆ ಬಿತ್ತಿದವನಿಗೆ ಗದಗಿನ ಎಪಿಎಂಸಿಯಲ್ಲಿ ಕೊಳ್ಳುವವರು ಸಿದ್ಧರಿದ್ದಾರೆ. ಸದಕ ಬಿತ್ತುವವನು ಮೊದಲು ಗಿರಾಕಿಯನ್ನು ಹುಡುಕಬೇಕು. ತಳಿ ಧಾರವಾಡದಲ್ಲಿದೆ, ಎರೆಹೊಲ ಮುಂಡರಗಿಯಲ್ಲಿದೆ, ಎಳೆ ಹೊಸೆಯುವ ಕೈ ಲಕ್ಷ್ಮೇಶ್ವರದಲ್ಲಿದೆ. ಇವುಗಳನ್ನು ಕೂಡಿಸಲು ವರ್ಷಕ್ಕೆ ಇಷ್ಟು ಕ್ವಿಂಟಲ್ ಕೊಳ್ಳುತ್ತೇನೆಂದು ಒಪ್ಪಂದ ಬರೆದುಕೊಡುವ ಒಂದು ಹೋಟೆಲ್ ಸಾಕು. ಮುಂದಿನ ಸಲ ಷೆಫ್ ಮೇಜಿನ ಬಳಿ ಬಂದು “ಊಟ ಹೇಗಿತ್ತು?” ಎಂದು ಕೇಳಿದಾಗ, ಚಲೋ ಇತ್ತು ಎಂದಷ್ಟೇ ಹೇಳಿ ಕಳಿಸಬೇಡಿ. ಗೋಧಿ ಎಲ್ಲಿಯದು ಎಂದು ಕೇಳಿ.