ವಸಾಹತು ಆಫ್ರಿಕಾದ ಮೂಕಿಚಿತ್ರಗಳು: ನೋಡುವ ಕಣ್ಣಿಗೊಂದು ಕೈಪಿಡಿ

ವಸಾಹತುಕಾಲದ ಆಫ್ರಿಕಾದಲ್ಲಿ ತೆಗೆದ ಬಹುತೇಕ ಮೂಕಿಚಿತ್ರಗಳಲ್ಲಿ ಜನಾಂಗೀಯ ತಾತ್ಸಾರವಿದೆ ಎಂಬುದು ಮೊದಲ ಹತ್ತು ನಿಮಿಷಗಳಲ್ಲೇ ತಿಳಿಯುತ್ತದೆ. ಆ ತಾತ್ಸಾರವನ್ನು ಪ್ರೇಕ್ಷಕರು ನಂಬುವಂತೆ ಕಥೆಯೊಳಗೆ ಹೇಗೆ ಹೆಣೆದರು ಎಂಬುದು ಮಾತ್ರ ಅಷ್ಟು ಸುಲಭವಾಗಿ ಕಾಣುವುದಿಲ್ಲ. ಅದಕ್ಕಾಗಿ ಪ್ರತಿ ಚಿತ್ರವನ್ನೂ ಎರಡು ಸಲ ನೋಡಿ.

ಮೊದಲ ಸಲ ಕಥೆಗೆ ಮನಸ್ಸು ಕೊಡಿ

ಹೆರಾಲ್ಡ್ ಶಾ ನಿರ್ದೇಶಿಸಿದ ದಕ್ಷಿಣ ಆಫ್ರಿಕಾದ ‘ಡೆ ಫೂರ್‌ಟ್ರೆಕರ್ಸ್’ (1916) ಚಿತ್ರದಿಂದ ಆರಂಭಿಸಬಹುದು. 1838ರ ಬ್ಲಡ್ ರಿವರ್ ಯುದ್ಧ ಇದರ ವಸ್ತು. ಡಚ್ ಮೂಲದ ಬೋಯರ್ ವಲಸಿಗರು ಗಾಡಿಗಳನ್ನೇ ಕೋಟೆಯಾಗಿ ಕಟ್ಟಿ ಜುಲು ಸೇನೆಯನ್ನು ಎದುರಿಸುವ ದೃಶ್ಯದ ವೈಭವಕ್ಕೆ ಮೈಮರೆಯಿರಿ. ಚಿತ್ರ ನಿಮ್ಮನ್ನು ಹೇಗೆ ಒಲಿಸಿಕೊಂಡಿತೆಂದು ಅರಿಯದೆ ಅದನ್ನು ವಿಮರ್ಶಿಸಲಾಗದು.

ಎರಡನೆಯ ಸಲ ಪ್ರಶ್ನೆ ಕೇಳಿ

ಆಫ್ರಿಕನ್ ಪಾತ್ರಗಳ ಸಿಟ್ಟು ಎಲ್ಲಿಂದ ಬಂತು? ‘ಡೆ ಫೂರ್‌ಟ್ರೆಕರ್ಸ್’ನಲ್ಲಿ ಜುಲು ದೊರೆ ಡಿಂಗಾನನ ಕಿವಿ ಕಚ್ಚುವವರು ಪೋರ್ಚುಗೀಸ್ ವ್ಯಾಪಾರಿಗಳು. ನೈಜೀರಿಯಾದ ಜೋಸ್ ಪ್ರಸ್ಥಭೂಮಿಯಲ್ಲಿ ಜೆಫ್ರಿ ಬಾರ್ಕಸ್ ತೆಗೆದ ‘ಪಲಾವರ್’ (1926) ನೋಡಿ: ಅಲ್ಲಿ ಸ್ಥಳೀಯ ದೊರೆಯನ್ನು ಎತ್ತಿಕಟ್ಟುವವನು ತವರ ತೆಗೆಯುವ ಬಿಳಿಯ ಗಣಿಗಾರ, ಶಾಂತಿ ತರುವವನು ಬ್ರಿಟಿಷ್ ಜಿಲ್ಲಾಧಿಕಾರಿ. ಕೆಟ್ಟ ಬಿಳಿಯನಿಂದ ಕಲಹ, ಒಳ್ಳೆಯ ಬಿಳಿಯನಿಂದ ಪರಿಹಾರ. ನೆಲ ಕಳೆದುಕೊಂಡವರಿಗೆ ಸಿಟ್ಟಾಗಲು ತಮ್ಮದೇ ಕಾರಣವಿರಬಹುದೆಂಬ ಮಾತೇ ಏಳುವುದಿಲ್ಲ. ‘ಡೆ ಫೂರ್‌ಟ್ರೆಕರ್ಸ್’ ಬರುವ ಮೂರೇ ವರ್ಷ ಮುಂಚೆ, 1913ರ ಭೂ ಕಾಯ್ದೆ ದಕ್ಷಿಣ ಆಫ್ರಿಕಾದ ಕಪ್ಪು ಜನರಿಗೆ ದೇಶದ ಸುಮಾರು ಶೇಕಡಾ 7ರಷ್ಟು ನೆಲವನ್ನಷ್ಟೇ ಮೀಸಲಿಟ್ಟಿತ್ತು. ಈ ಸಂಗತಿ ತಿಳಿದು ನೋಡಿದರೆ, ಬೋಯರರ ಗೆಲುವು ದೈವಕೃಪೆಯಾಗಿ ಯಾಕೆ ಕಾಣಬೇಕಿತ್ತು ಎಂಬುದು ಅರ್ಥವಾಗುತ್ತದೆ.

ಮಾತು ಯಾರದು? ದೃಶ್ಯಗಳ ನಡುವೆ ಮಾತನ್ನು ಬರಹದಲ್ಲಿ ತೋರಿಸುವ ಟೈಟಲ್ ಕಾರ್ಡುಗಳನ್ನು ಬರೆದವರು ಚಿತ್ರ ತೆಗೆದವರು. ಆಫ್ರಿಕನ್ ನಟರು ಕ್ಯಾಮೆರಾದ ಮುಂದೆ ನಿಜವಾಗಿ ಆಡಿದ ಮಾತು ನಮಗೆ ದಕ್ಕಿಲ್ಲ. ಕಾರ್ಡನ್ನು ನಂಬುವ ಮುನ್ನ ಮುಖವನ್ನು, ಕೈಸನ್ನೆಯನ್ನು ಗಮನಿಸಿ. ಮರುಬಿಡುಗಡೆಯ ಪ್ರತಿಗೆ ಹೊಸ ಸಂಗೀತವಿದ್ದರೆ ಅದನ್ನು ನಿಲ್ಲಿಸಿ ನೋಡಿ. ಯಾರಿಗೆ ಮರುಗಬೇಕು, ಯಾರಿಗೆ ಹೆದರಬೇಕು ಎಂದು ಅದು ಮೊದಲೇ ತೀರ್ಮಾನಿಸಿಬಿಡುತ್ತದೆ.

ಚಿತ್ರದಿಂದ ಹೊರಗುಳಿದದ್ದೇನು? ಇದಕ್ಕೆ ಉತ್ತಮ ಪಾಠ ‘ವೊಯಾಜ್ ಓ ಕೊಂಗೊ’ (1927). ಲೇಖಕ ಆಂದ್ರೆ ಜೀದ್ ಜೊತೆ ಮಾರ್ಕ್ ಅಲೆಗ್ರೆ ಫ್ರೆಂಚ್ ಆಫ್ರಿಕಾದಲ್ಲಿ ಸಂಚರಿಸಿ ಇದನ್ನು ತೆಗೆದರು. ಮನೆಗಳು, ಕುಣಿತ, ದಿನನಿತ್ಯದ ಕೆಲಸ ಎಲ್ಲವನ್ನೂ ಅಲೆಗ್ರೆ ಪ್ರೀತಿಯಿಂದ ಸೆರೆಹಿಡಿದಿದ್ದಾರೆ. ಅದೇ ಪ್ರವಾಸದ ಬಗ್ಗೆ ಜೀದ್ ಬರೆದ ಪುಸ್ತಕ ರಬ್ಬರ್ ಕಂಪನಿಗಳ ಕ್ರೌರ್ಯವನ್ನು ಬಯಲಿಗೆಳೆಯಿತು. ಚಿತ್ರದಲ್ಲಿ ಅದರ ಸುಳಿವಿಲ್ಲ. ತಾತ್ಸಾರವಿಲ್ಲದ ಕ್ಯಾಮೆರಾ ಕೂಡ ಅನ್ಯಾಯಕ್ಕೆ ಬೆನ್ನು ತಿರುಗಿಸಬಲ್ಲದು. ಸಿಟ್ರೊಯೆನ್ ವಾಹನಗಳ ಸಾಹಸಯಾತ್ರೆಯನ್ನು ತೋರುವ ಲಿಯೋನ್ ಪ್ವಾರಿಯೆಯ ‘ಲಾ ಕ್ರ್ವಾಸಿಯೆರ್ ನ್ವಾರ್’ (1926) ನೋಡುವಾಗಲೂ ಕೇಳಿಕೊಳ್ಳಿ: ಆ ವಾಹನಗಳಿಗೆ ದಾರಿ ಕಡಿದವರು ಯಾರು?

ಗುಂಪಿನಲ್ಲಿರುವವರು ಯಾರು? ‘ಡೆ ಫೂರ್‌ಟ್ರೆಕರ್ಸ್’ನ ಜುಲು ಸೈನಿಕರಾಗಿ ನಟಿಸಿದವರು ಚಿನ್ನದ ಗಣಿಗಳ ಕೂಲಿಗಳು. ಮುಂಭಾಗದ ನಾಯಕರನ್ನು ಬಿಟ್ಟು ಚೌಕಟ್ಟಿನ ಅಂಚಿಗೆ ಕಣ್ಣು ಹಾಯಿಸಿ. ನಿರ್ದೇಶಕನಿಗೆ ಬರೀ ಸಂಖ್ಯೆಯಾಗಿದ್ದವರು ಒಬ್ಬೊಬ್ಬರಾಗಿ ಎದ್ದು ಬರುತ್ತಾರೆ.

ಕೊನೆಗೆ ಟುನೀಸಿಯಾಕ್ಕೆ ಬನ್ನಿ

ಮೇಲಿನ ಚಿತ್ರಗಳಿಗೆ ಎದುರಾಗಿ, ಅಲ್ಬೇರ್ ಸಮಾಮ ಶಿಕ್ಲಿ ಎಂಬ ಟುನೀಸಿಯನ್ ನಿರ್ದೇಶಕ ‘ಜೊಹ್ರಾ’ (1922), ‘ಐನ್ ಎಲ್ ಗಝಾಲ್’ (1924) ಚಿತ್ರಗಳನ್ನು ತೆಗೆದರು. ಎರಡರಲ್ಲೂ ಅವರ ಮಗಳು ಹೈದೆ ನಾಯಕಿ. ಚಿತ್ರಕಥೆಯಲ್ಲೂ ಆಕೆಯ ಕೈಯಿದೆ. ‘ಐನ್ ಎಲ್ ಗಝಾಲ್’ ಈಗ ತುಣುಕುಗಳಾಗಿ ಮಾತ್ರ ಉಳಿದಿದೆ. ಅದರ ನಾಯಕಿಗೆ ಒಲ್ಲದ ಮದುವೆ ಬೇಡ, ಒಲಿದವನು ಬೇಕು. ಕಥೆ ಸಾಗುವುದೇ ಅವಳ ಇಚ್ಛೆಯಿಂದ.

ಇಂಥ ಯಾವ ಚಿತ್ರ ನೋಡಿದರೂ ಕೊನೆಯಲ್ಲಿ ಈ ಪ್ರಶ್ನೆಗೆ ಒಂದು ವಾಕ್ಯದ ಉತ್ತರ ಬರೆದಿಡಿ: ಇಲ್ಲಿನ ಆಫ್ರಿಕನ್ ಪಾತ್ರ ತನಗಾಗಿ ಏನು ಬಯಸಿತು? ಉತ್ತರ ಸಿಗದಿದ್ದರೆ ಅದು ನಿಮ್ಮ ಗ್ರಹಿಕೆಯ ಕೊರತೆಯಲ್ಲ. ಚಿತ್ರ ಅಳಿಸಿಹಾಕಿದ್ದು ಏನನ್ನು ಎಂಬುದು ನಿಮಗೆ ಕಂಡಿದೆ ಎಂದರ್ಥ.