ಪುಣೆಯ ಕಡತಗಳು ಮತ್ತು ಗಲ್ಲಿನ ಪ್ರಶ್ನೆ

ಪುಣೆಯ ಸೆಷನ್ಸ್ ಕೋರ್ಟು 1998ರ ಫೆಬ್ರುವರಿಯಲ್ಲಿ ಗಲ್ಲು ಶಿಕ್ಷೆ ಕೊಟ್ಟ ಒಬ್ಬ ಕೈದಿಗೆ ಅಪರಾಧ ನಡೆದ ದಿನ ಎಷ್ಟು ವಯಸ್ಸಾಗಿತ್ತು ಎಂಬುದು ತೀರ್ಮಾನವಾದದ್ದು 2023ರ ಮಾರ್ಚ್ 27ರಂದು, ಸುಪ್ರೀಂ ಕೋರ್ಟಿನಲ್ಲಿ. ಹನ್ನೆರಡು ವರ್ಷ ಆರು ತಿಂಗಳು. ಅಷ್ಟರಲ್ಲಿ ಅವನು ಸೆರೆಯಲ್ಲಿ 28 ವರ್ಷ ಕಳೆದಿದ್ದ. ಬಾಲನ್ಯಾಯ ಕಾಯ್ದೆಯಂತೆ ಆ ವಯಸ್ಸಿನವನನ್ನು ಹೆಚ್ಚೆಂದರೆ ಮೂರು ವರ್ಷ ಇಡಬಹುದಿತ್ತು, ಅದೂ ಜೈಲಿನಲ್ಲಲ್ಲ.

ಅಪರಾಧ ಸಣ್ಣದಲ್ಲ. 1994ರ ಆಗಸ್ಟ್ 26ರಂದು ಪುಣೆಯ ಒಂದು ಮನೆಯೊಳಗೆ ಏಳು ಜನರನ್ನು ಕೊಂದಿದ್ದರು: ಐವರು ಹೆಂಗಸರು, ಇಬ್ಬರು ಮಕ್ಕಳು. ಹೆಂಗಸರಲ್ಲಿ ಒಬ್ಬಾಕೆ ಗರ್ಭಿಣಿ. ಆರೋಪಿಗಳು ಮೂವರು. ಅವರಲ್ಲಿ ಒಬ್ಬ ಮಾಫಿ ಸಾಕ್ಷಿಯಾಗಿ ಶಿಕ್ಷೆಯಿಂದ ಪಾರಾದ. ಇನ್ನಿಬ್ಬರಿಗೆ ಗಲ್ಲು. ಆ ಇಬ್ಬರಲ್ಲಿ ಒಬ್ಬ ಈ ಕೈದಿ; ಪೊಲೀಸ್ ಕಡತದಲ್ಲಿ ಅವನ ವಯಸ್ಸು 20–22 ಎಂದಿತ್ತು. ಅದನ್ನು ಯಾರೂ ಪ್ರಶ್ನಿಸಲಿಲ್ಲ. 1999ರಲ್ಲಿ ಬಾಂಬೆ ಹೈಕೋರ್ಟು ಶಿಕ್ಷೆಯನ್ನು ಖಾಯಂ ಮಾಡಿತು, 2000ದ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು, ಅದೇ ನವೆಂಬರಿನಲ್ಲಿ ಮರುಪರಿಶೀಲನಾ ಅರ್ಜಿಯೂ ವಜಾ ಆಯಿತು. ಮೂರು ನ್ಯಾಯಾಲಯಗಳ ಮುಂದೆ ಹಾದುಹೋದ ಕಡತ. ರಾಜಸ್ಥಾನದ ಬಿಕಾನೇರ್ ಜಿಲ್ಲೆಯ ಒಂದು ಊರಿನ ಶಾಲೆಯ ದಾಖಲೆಯಲ್ಲಿ, ಬೇರೆ ಹೆಸರಿನಡಿ, ಅವನ ಹುಟ್ಟಿದ ದಿನ ಬರೆದೇ ಇತ್ತು. ಅದು ವಿಚಾರಣೆಯೊಳಗೆ ಬರಲೇ ಇಲ್ಲ. 2018ರಲ್ಲಿ ಹೊಸದಾಗಿ ಅರ್ಜಿ ಹಾಕಿದ ಮೇಲೆ ಸುಪ್ರೀಂ ಕೋರ್ಟು ಪುಣೆಯ ಜಿಲ್ಲಾ ನ್ಯಾಯಾಧೀಶರಿಂದಲೇ ತನಿಖೆ ಮಾಡಿಸಿ, ಆ ದಾಖಲೆ ಇವನದೇ ಎಂದು ಒಪ್ಪಿತು. ಜೊತೆಯವನ ಗಲ್ಲನ್ನು ರಾಷ್ಟ್ರಪತಿ 2016ರಲ್ಲಿ ಜೀವಾವಧಿಗೆ ಇಳಿಸಿದ್ದರು. ಹೀಗೆ ಒಂದೇ ಅಪರಾಧಕ್ಕೆ ಸಿಕ್ಕ ಮೂವರಲ್ಲಿ ಒಬ್ಬ ಕ್ಷಮೆ ಪಡೆದ, ಒಬ್ಬ ಜೀವಾವಧಿ ಕೈದಿಯಾದ, ಮತ್ತೊಬ್ಬ ಮಗುವಾಗಿದ್ದನೆಂದು ಬಿಡುಗಡೆಯಾದ.

ಮರಣದಂಡನೆ ಇರಬೇಕೇ ಬೇಡವೇ ಎಂಬ ವಾದ ನಮ್ಮಲ್ಲಿ ಸಾಮಾನ್ಯವಾಗಿ ದಯೆ ಮತ್ತು ಸೇಡಿನ ನಡುವೆ ನಡೆಯುತ್ತದೆ. ಈ ಕಡತ ಓದಿದ ಮೇಲೆ ನನಗೆ ಆ ಜಗಳ ಎರಡನೆಯದಾಗಿ ಕಾಣುತ್ತದೆ. ಮೊದಲನೆಯದು ಇದು: ಯಾರನ್ನು ಕೊಲ್ಲಬೇಕು ಎಂದು ಆರಿಸುವುದಕ್ಕೆ ಮುಂಚೆ ಆ ಮನುಷ್ಯ ಯಾರೆಂದು ತಿಳಿಯಬೇಕು ಎಂಬುದು ನಮ್ಮ ಕಾನೂನೇ ಹಾಕಿಕೊಂಡ ಷರತ್ತು. ಆ ಷರತ್ತನ್ನು ನಮ್ಮ ನ್ಯಾಯಾಲಯಗಳು ಪೂರೈಸಿಲ್ಲ.

ಷರತ್ತು ಹುಟ್ಟಿದ್ದು 1980ರ ಮೇ 9ರಂದು, ಬಚನ್ ಸಿಂಗ್ ಪ್ರಕರಣದಲ್ಲಿ. ಪೀಠದ ಮುಖ್ಯಸ್ಥರು ಪುಣೆಯಲ್ಲೇ ಹುಟ್ಟಿ, ಇಲ್ಲಿನ ಐಎಲ್‌ಎಸ್ ಕಾಲೇಜಿನಲ್ಲಿ ಕಾನೂನು ಓದಿದ ಮುಖ್ಯ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡ್. ನಾಲ್ವರ ಬಹುಮತ ಮರಣದಂಡನೆಯನ್ನು ಸಂವಿಧಾನಬದ್ಧ ಎಂದಿತು, ಆದರೆ ಅಪರೂಪದಲ್ಲಿ ಅಪರೂಪದ ಪ್ರಕರಣಕ್ಕೆ ಮಾತ್ರ; ಅಪರಾಧದ ಜೊತೆಗೆ ಅಪರಾಧಿಯನ್ನೂ ನೋಡಬೇಕು; ಜೀವಾವಧಿ ಶಿಕ್ಷೆ ಯಾವ ರೀತಿಯಲ್ಲೂ ಸಾಲದು ಎಂದು ಖಚಿತವಾದಾಗ ಮಾತ್ರ ಗಲ್ಲು. ಒಂಟಿಯಾಗಿ ಭಿನ್ನಮತ ಬರೆದವರು ಪಿ.ಎನ್. ಭಗವತಿ. ಯಾವ ನ್ಯಾಯಮೂರ್ತಿಯ ಮುಂದೆ ಕಡತ ಬಂತು ಎಂಬುದರ ಮೇಲೆ ಜೀವ ನಿಂತಿರುತ್ತದೆ ಎಂಬುದು ಅವರ ವಾದದ ತಿರುಳು.

ಬಹುಮತದ ತೀರ್ಪನ್ನು ನಾನು ಹಗುರವಾಗಿ ನೋಡುವುದಿಲ್ಲ. ಅದಕ್ಕೂ ಮುಂಚಿನ ಸ್ಥಿತಿಗೆ ಹೋಲಿಸಿದರೆ ಅದು ದೊಡ್ಡ ಕಡಿವಾಣ. ಅದರಿಂದ ಎಷ್ಟೋ ಜೀವ ಉಳಿದವು. ಆದರೆ ಒಂದು ಸಿದ್ಧಾಂತದ ಬೆಲೆಯನ್ನು ಅದರ ಆಶಯದಿಂದಲ್ಲ, ಬಳಕೆಯಿಂದ ಅಳೆಯಬೇಕು. ಎರಡೇ ವರ್ಷದಲ್ಲಿ, 1982ರಲ್ಲಿ, ಹರ್‌ಬನ್ಸ್ ಸಿಂಗ್ ಪ್ರಕರಣ ಇದೇ ಚಂದ್ರಚೂಡರ ಮುಂದೆ ಬಂತು. ಒಂದೇ ಪ್ರಕರಣ, ಮೂವರು ಅಪರಾಧಿಗಳು, ಮೂವರದೂ ಒಂದೇ ಪಾತ್ರ. ಬೇರೆ ಬೇರೆ ಪೀಠಗಳ ಮುಂದೆ ಹೋದದ್ದರಿಂದ ಒಬ್ಬನಿಗೆ ಜೀವಾವಧಿ ಸಿಕ್ಕಿತ್ತು, ಇನ್ನೊಬ್ಬನನ್ನು 1981ರ ಅಕ್ಟೋಬರಿನಲ್ಲಿ ನೇಣಿಗೆ ಹಾಕಿ ಮುಗಿದಿತ್ತು. ಉಳಿದ ಮೂರನೆಯವನ ವಿಷಯ ಮಾತ್ರ ಕೋರ್ಟಿನ ಕೈಯಲ್ಲಿತ್ತು. ಕರ್ನಾಟಕದವರಿಗೆ ಇನ್ನೂ ಹತ್ತಿರದ ಉದಾಹರಣೆ ಬೆಂಗಳೂರಿನ ಸ್ವಾಮಿ ಶ್ರದ್ಧಾನಂದ ಪ್ರಕರಣ. 2007ರಲ್ಲಿ ಸುಪ್ರೀಂ ಕೋರ್ಟಿನ ಒಂದೇ ಪೀಠದಲ್ಲಿ ಕೂತ ಇಬ್ಬರು, ಒಂದೇ ಸಾಕ್ಷ್ಯ ಓದಿ, ಬೇರೆ ಬೇರೆ ತೀರ್ಮಾನಕ್ಕೆ ಬಂದರು: ಎಸ್.ಬಿ. ಸಿನ್ಹಾ ಅವರಿಗೆ ಜೀವಾವಧಿ ಸಾಕೆನಿಸಿತು, ಮಾರ್ಕಂಡೇಯ ಕಾಟ್ಜು ಅವರಿಗೆ ಗಲ್ಲೇ ಬೇಕೆನಿಸಿತು.

ಪುಣೆಯ ಇನ್ನೊಂದು ಕಡತ ಇದಕ್ಕಿಂತ ಆಳಕ್ಕೆ ಹೋಗುತ್ತದೆ. 2006ರಲ್ಲಿ ಇಲ್ಲಿ ಹಣಕ್ಕಾಗಿ ಒಬ್ಬನನ್ನು ಅಪಹರಿಸಿ ಕೊಂದ ಬರಿಯಾರ್ ಪ್ರಕರಣ. 2009ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಗಲ್ಲನ್ನು ಜೀವಾವಧಿಗೆ ಇಳಿಸುತ್ತಾ ತನ್ನದೇ ಹಳೆಯ ತಪ್ಪನ್ನು ಹೊರಗೆ ತಂದಿತು. ಶಿಕ್ಷೆ ವಿಧಿಸುವಾಗ ಅಪರಾಧವನ್ನಷ್ಟೇ ನೋಡಿದರೆ ಸಾಕು ಎಂದು 1996ರ ಒಂದು ತೀರ್ಪು ಹೇಳಿತ್ತು. ಅದು ಬಚನ್ ಸಿಂಗ್ ತೀರ್ಪಿಗೆ ನೇರ ವಿರುದ್ಧ. ಆದರೂ ಅದನ್ನೇ ಆಧರಿಸಿ ಹಲವರಿಗೆ ಗಲ್ಲು ಕೊಟ್ಟಿದ್ದರು. ಆ ಸಾಲಿನಲ್ಲಿ ರಾಜಸ್ಥಾನದ ಇಬ್ಬರು ಆಗಲೇ ನೇಣಿಗೇರಿದ್ದರು. 2012ರಲ್ಲಿ ನಿವೃತ್ತ ನ್ಯಾಯಮೂರ್ತಿಗಳು ಹದಿನಾಲ್ಕು ಮಂದಿ ಇದನ್ನು ರಾಷ್ಟ್ರಪತಿಗೆ ಬರೆದು ತಿಳಿಸಿದರು. ಬರಿಯಾರ್ ತೀರ್ಪು ಪ್ರಾಮಾಣಿಕವಾದದ್ದು, ನಮ್ಮ ನ್ಯಾಯಾಂಗದ ಒಳ್ಳೆಯ ಬರಹಗಳಲ್ಲಿ ಒಂದು ಎಂದು ನನ್ನ ನಂಬಿಕೆ. ಆದರೆ ಸತ್ತವರ ವಿಷಯದಲ್ಲಿ ಅದು ಮಾಡಬಹುದಾದದ್ದು ಏನೂ ಇರಲಿಲ್ಲ.

ಇನ್ನು ವಿಳಂಬ. 2007ರ ನವೆಂಬರ್ 1ರ ರಾತ್ರಿ, ಕಂಪನಿಯ ಕ್ಯಾಬಿನಲ್ಲಿ ಕೆಲಸಕ್ಕೆ ಹೊರಟ ಬಿಪಿಒ ಉದ್ಯೋಗಿ ಯುವತಿಯನ್ನು ಕ್ಯಾಬಿನ ಚಾಲಕ ಮತ್ತು ಅವನ ಗೆಳೆಯ ಅತ್ಯಾಚಾರ ಮಾಡಿ ಕೊಂದರು. ಪುಣೆಯಲ್ಲಿ ರಾತ್ರಿ ಪಾಳಿಯ ಹೆಣ್ಣುಮಕ್ಕಳ ಮನೆಯವರಿಗೆಲ್ಲ ಆ ಘಟನೆ ಇವತ್ತಿಗೂ ನೆನಪಿದೆ. 2012ರಲ್ಲಿ ಗಲ್ಲು, 2015ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಮುದ್ರೆ, 2017ರ ಮೇ ತಿಂಗಳಲ್ಲಿ ರಾಷ್ಟ್ರಪತಿಯ ನಿರಾಕರಣೆ. ಆಮೇಲೆ ಸುಮಾರು ಎರಡು ವರ್ಷ ಡೆತ್ ವಾರಂಟೇ ಹೊರಡಲಿಲ್ಲ. ಕೊನೆಗೆ 2019ರ ಜೂನ್ 24 ಎಂದು ದಿನ ಗೊತ್ತಾಯಿತು. ಹೈಕೋರ್ಟು ತಡೆದು, ಸರ್ಕಾರದ ಕಚೇರಿಗಳಲ್ಲೂ ಕೋರ್ಟಿನಲ್ಲೂ ಕಾರಣವಿಲ್ಲದೆ ಕಳೆದ 1,509 ದಿನಗಳನ್ನು ಲೆಕ್ಕ ಹಾಕಿ, ಶಿಕ್ಷೆಯನ್ನು 35 ವರ್ಷದ ಸೆರೆಗೆ ಇಳಿಸಿತು. 2024ರ ಡಿಸೆಂಬರ್ 9ರಂದು ಸುಪ್ರೀಂ ಕೋರ್ಟು ಅದನ್ನು ಒಪ್ಪಿತು. ಹೈಕೋರ್ಟು ಮಾಡಿದ್ದು ಸರಿಯೇ. ದಿನದಿನವೂ ನೇಣಿನ ನಿರೀಕ್ಷೆಯಲ್ಲಿ ಮನುಷ್ಯನನ್ನು ಇಡುವುದು ಎರಡನೆಯ ಶಿಕ್ಷೆ. ಆದರೆ ಮಗಳನ್ನು ಕಳೆದುಕೊಂಡ ಮನೆಯ ಕಡೆಯಿಂದ ನೋಡಿದರೆ ಇದು ಕ್ರೂರ. 2012ರಲ್ಲೇ 35 ವರ್ಷದ ಶಿಕ್ಷೆ ಕೊಟ್ಟಿದ್ದರೆ ಅವರಿಗೆ ಹನ್ನೆರಡು ವರ್ಷ ಕೋರ್ಟಿನ ತಾರೀಖುಗಳನ್ನು ಕಾಯುವ ಕೆಲಸ ಇರುತ್ತಿರಲಿಲ್ಲ. ಗಲ್ಲು ನೊಂದವರಿಗೆ ಕೊಡುವ ಭರವಸೆ. ಅದನ್ನು ನಡೆಸಿಕೊಡಲು ವ್ಯವಸ್ಥೆಗೆ ಆಗುವುದಿಲ್ಲ, ಅವಸರದಲ್ಲಿ ನಡೆಸಿಕೊಡಬಾರದು ಕೂಡ.

ಇಷ್ಟು ಹೇಳಿ ಮುಗಿಸಿದರೆ ಪುಣೆಯವರು ನನಗೆ ಒಂದು ಪ್ರಶ್ನೆ ಕೇಳುತ್ತಾರೆ, ಕೇಳಲೇಬೇಕು: ಜೋಶಿ–ಅಭ್ಯಂಕರ್ ಕೊಲೆಗಳ ಬಗ್ಗೆ ಏನು ಹೇಳುತ್ತೀರಿ? 1976ರ ಜನವರಿಯಿಂದ 1977ರ ಮಾರ್ಚ್‌ವರೆಗೆ, ತಿಳಕ್ ರಸ್ತೆಯ ಅಭಿನವ ಕಲಾ ಮಹಾವಿದ್ಯಾಲಯದ ವಿದ್ಯಾರ್ಥಿಗಳು ಹತ್ತು ಜನರನ್ನು ಕತ್ತು ಬಿಗಿದು ಕೊಂದರು. ಸತ್ತವರಲ್ಲಿ ಸಂಸ್ಕೃತ ವ್ಯಾಕರಣದ ದೊಡ್ಡ ವಿದ್ವಾಂಸ, ವಯೋವೃದ್ಧ ಕಾಶಿನಾಥಶಾಸ್ತ್ರಿ ಅಭ್ಯಂಕರ್ ಮತ್ತು ಅವರ ಮನೆಯವರು ಇದ್ದರು. ಕತ್ತಲಾದ ಮೇಲೆ ಊರು ಬಾಗಿಲು ಹಾಕಿಕೊಳ್ಳುತ್ತಿತ್ತು. ನಾಲ್ವರನ್ನು 1983ರ ನವೆಂಬರ್ 27ರಂದು ಯರವಡಾ ಜೈಲಿನಲ್ಲಿ ನೇಣಿಗೆ ಹಾಕಿದರು. ಇಲ್ಲಿ ವಯಸ್ಸಿನ ಗೊಂದಲವಿಲ್ಲ, ಆಳು ತಪ್ಪಿದ ಗೊಂದಲವಿಲ್ಲ, ಬಡತನದ ನೆಪವೂ ಇಲ್ಲ. ಈ ನಾಲ್ವರ ಬಗ್ಗೆ ನನಗೆ ಮರುಕ ಹುಟ್ಟುವುದಿಲ್ಲ. ಹುಟ್ಟಬೇಕೆಂದು ಯಾರಿಗೂ ಉಪದೇಶ ಮಾಡಲಾರೆ. ರದ್ದತಿಯ ಪರ ಬರೆಯುವವರು ಇಂಥ ಪ್ರಕರಣವನ್ನು ಪಕ್ಕಕ್ಕೆ ಸರಿಸಿ ಸುಲಭದ ಉದಾಹರಣೆಗಳನ್ನೇ ಹಿಡಿಯುವುದು ನನಗೆ ಸರಿ ಕಾಣುವುದಿಲ್ಲ.

ಆದರೆ ಕಾನೂನು ಇವರಿಗೆ ಮಾತ್ರ ಇರುವುದಲ್ಲ. ಈ ನಾಲ್ವರಿಗೆ ತೆರೆದ ಬಾಗಿಲು ಅದೇ ಯಂತ್ರ, ಅದೇ ಪೊಲೀಸ್ ಕಡತ, ಅದೇ ಮಾಫಿ ಸಾಕ್ಷಿಯ ಪದ್ಧತಿ ಇಟ್ಟುಕೊಂಡೇ ಹನ್ನೊಂದು ವರ್ಷದ ನಂತರ ಹನ್ನೆರಡೂವರೆಯ ಹುಡುಗನ ಮುಂದೆಯೂ ತೆರೆಯಿತು. ಎರಡೂ ಪ್ರಕರಣಗಳಲ್ಲಿ ನ್ಯಾಯಾಧೀಶರಿಗೆ ತಾವು ಸರಿ ಎಂಬ ಖಾತ್ರಿ ಒಂದೇ ಸಮನಾಗಿತ್ತು. ಖಚಿತವಾಗಿ ತಪ್ಪಿತಸ್ಥರಾದವರನ್ನು ಮಾತ್ರ ನೇಣಿಗೆ ಹಾಕುವ ಕಾನೂನು ಬರೆಯಲು ಯಾವ ದೇಶಕ್ಕೂ ಆಗಿಲ್ಲ. ಬ್ರಿಟನ್ 1950ರಲ್ಲಿ ತಿಮೋತಿ ಇವಾನ್ಸ್‌ನನ್ನು ನೇಣಿಗೆ ಹಾಕಿ, 1966ರಲ್ಲಿ ಕ್ಷಮಾದಾನ ಕೊಟ್ಟಿತು. ಅಷ್ಟರಲ್ಲಿ ಅಲ್ಲಿ ಕೊಲೆಗೆ ಗಲ್ಲನ್ನೇ ನಿಲ್ಲಿಸಿದ್ದರು.

ಭಯ ಹುಟ್ಟಿಸುವ ವಾದದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 2012ರಲ್ಲಿ ದಶಕಗಳ ಅಧ್ಯಯನಗಳನ್ನು ಪರಿಶೀಲಿಸಿ, ಗಲ್ಲಿನಿಂದ ಕೊಲೆ ಕಡಿಮೆಯಾಗುತ್ತದೋ ಹೆಚ್ಚುತ್ತದೋ ಎಂದು ಅವುಗಳಿಂದ ಹೇಳಲಾಗದು ಎಂದಿತು. ಯರವಡಾದ ಚರಿತ್ರೆ ಮಾತ್ರ ಒಂದು ಮಾತು ಹೇಳುತ್ತದೆ. 1986ರಲ್ಲಿ ಪುಣೆಯ ರಸ್ತೆಯಲ್ಲಿ ಮಾಜಿ ಸೇನಾ ಮುಖ್ಯಸ್ಥ ಜನರಲ್ ಎ.ಎಸ್. ವೈದ್ಯರನ್ನು ಕೊಂದು 1992ರ ಅಕ್ಟೋಬರ್ 9ರಂದು ಅಲ್ಲಿ ನೇಣಿಗೇರಿದ ಇಬ್ಬರು ಕ್ಷಮೆಯೇ ಬೇಡ ಎಂದಿದ್ದರು. 2012ರ ನವೆಂಬರ್ 21ರ ಬೆಳಿಗ್ಗೆ ಗುಟ್ಟಾಗಿ ನೇಣಿಗೆ ಹಾಕಿದ ಅಜ್ಮಲ್ ಕಸಬ್ ಮುಂಬಯಿಗೆ ಬಂದದ್ದೇ ಸಾಯಲು ಸಿದ್ಧನಾಗಿ. ಗಲ್ಲು ತೀರಾ ಅಗತ್ಯ ಎಂದು ಜನ ಹೇಳುವ ಭಯೋತ್ಪಾದನೆಯ ಪ್ರಕರಣಗಳಲ್ಲೇ ಅದರ ಹೆದರಿಕೆ ಎಲ್ಲಕ್ಕಿಂತ ಕಡಿಮೆ.

ಯಾರಿಗೆ ಗಲ್ಲು ಬೀಳುತ್ತದೆ ಎಂಬುದಕ್ಕೆ ಲೆಕ್ಕ ಇದೆ. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ 2016ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ಗಲ್ಲಿನ ಕೈದಿಗಳಲ್ಲಿ ಸುಮಾರು ಮುಕ್ಕಾಲು ಪಾಲು ಆರ್ಥಿಕವಾಗಿ ದುರ್ಬಲರು. ಒಳ್ಳೆಯ ವಕೀಲ ಮೊದಲ ದಿನವೇ ಆ ಹುಡುಗನ ಶಾಲೆಯನ್ನು ಹುಡುಕಿಸುತ್ತಿದ್ದ.

ಈಗಿನ ಕಾನೂನು ಹಿಡಿದ ದಾರಿ ನನ್ನನ್ನು ಕಳವಳಕ್ಕೆ ದೂಡುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಗಲ್ಲನ್ನು ಉಳಿಸಿಕೊಂಡಿತು. ಗುಂಪು ಹತ್ಯೆ, ಸಂಘಟಿತ ಅಪರಾಧದಂಥ ಹೊಸ ಸಾಲುಗಳನ್ನೂ ಸೇರಿಸಿತು. ಅದರ ಜೊತೆಗಿನ ನಾಗರಿಕ ಸುರಕ್ಷಾ ಸಂಹಿತೆಯ 472ನೇ ವಿಧಿ ಕ್ಷಮಾದಾನ ಅರ್ಜಿಗೆ 30 ದಿನದ ಗಡುವು ಹಾಕಿ, ರಾಷ್ಟ್ರಪತಿಯ ತೀರ್ಮಾನವನ್ನು ಯಾವ ಕೋರ್ಟೂ ಪ್ರಶ್ನಿಸಬಾರದು ಎನ್ನುತ್ತದೆ. ವಿಳಂಬದ ಕಾಯಿಲೆಗೆ ಕೊಟ್ಟ ಮದ್ದು ಇದು. ಆದರೆ ಪುಣೆಯ ಆ ಹುಡುಗನ ಪ್ರಕರಣದಲ್ಲಿ ಸತ್ಯ ಹೊರಬಿದ್ದದ್ದು ಕಡೆಯ ಮರುಪರಿಶೀಲನೆ ವಜಾ ಆಗಿ ಹದಿನೆಂಟು ವರ್ಷ ಕಳೆದ ಮೇಲೆ. ಬೇಗ ನೇಣು ಹಾಕುವ ವ್ಯವಸ್ಥೆಯಲ್ಲಿ ಆ ಸತ್ಯಕ್ಕೆ ಜಾಗವೇ ಇರುತ್ತಿರಲಿಲ್ಲ.

ಸಂವಿಧಾನ ಸಭೆಯಲ್ಲಿ 1949ರ ಜೂನ್ 3ರಂದು ಅಂಬೇಡ್ಕರ್, ಗಲ್ಲಿನ ಪ್ರಕರಣಗಳ ಮೇಲ್ಮನವಿಯ ಚರ್ಚೆಯ ನಡುವೆ, ಈ ಶಿಕ್ಷೆಯನ್ನೇ ತೆಗೆದುಹಾಕುವುದು ಮೇಲು ಎಂದಿದ್ದರು. ಸೊಲ್ಲಾಪುರದಲ್ಲಿ ಹುಟ್ಟಿದ ನ್ಯಾಯಮೂರ್ತಿ ಎ.ಪಿ. ಶಾ ಅವರ ಅಧ್ಯಕ್ಷತೆಯ ಕಾನೂನು ಆಯೋಗ 2015ರ ಆಗಸ್ಟಿನಲ್ಲಿ ಕೊಟ್ಟ 262ನೇ ವರದಿ, ಭಯೋತ್ಪಾದನೆ ಮತ್ತು ದೇಶದ ವಿರುದ್ಧದ ಯುದ್ಧ ಬಿಟ್ಟು ಉಳಿದೆಲ್ಲಕ್ಕೂ ರದ್ದತಿಯನ್ನು ಶಿಫಾರಸು ಮಾಡಿತು. ಆ ವಿನಾಯಿತಿಯನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ತಪ್ಪೊಪ್ಪಿಗೆಯನ್ನು ಬಲವಂತದಿಂದ ಬರೆಸುವ ಒತ್ತಡ ಅಂಥ ಪ್ರಕರಣಗಳಲ್ಲೇ ಹೆಚ್ಚು. ಆದರೂ ಆ ವರದಿಯಿಂದ ಚರ್ಚೆ ಶುರುವಾದರೆ ಸಾಕು. ಬದಲಿ ಶಿಕ್ಷೆ ಏನು ಎಂದು ಕೇಳುವವರಿಗೆ ಉತ್ತರ ಬೆಂಗಳೂರಿನ ಪ್ರಕರಣದಿಂದಲೇ ಬಂದಿದೆ: ಶ್ರದ್ಧಾನಂದ ತೀರ್ಪು 2008ರಲ್ಲಿ ಸಾಯುವವರೆಗೆ ಬಿಡುಗಡೆಯಿಲ್ಲದ ಸೆರೆ ಎಂಬ ಮಧ್ಯದ ದಾರಿ ತೆಗೆಯಿತು. ಅದೂ ಬಹಳ ಕಠಿಣ, ಅದರ ಮೇಲೂ ನನ್ನ ತಕರಾರಿದೆ, ಆದರೆ ಆ ಸೆರೆಯೊಳಗಿರುವವನ ವಿಷಯದಲ್ಲಿ ಕೋರ್ಟು ತನ್ನ ತಪ್ಪನ್ನು ತಿದ್ದಿಕೊಳ್ಳಬಹುದು. 2022ರ ಸೆಪ್ಟೆಂಬರಿನಲ್ಲಿ, ಗಲ್ಲು ವಿಧಿಸುವ ಮುಂಚೆ ಅಪರಾಧಿಯ ಬದುಕನ್ನು ಅರಿಯಲು ಎಷ್ಟು ಕಾಲಾವಕಾಶ, ಯಾವ ಬಗೆಯ ವರದಿ ಬೇಕು ಎಂಬ ಪ್ರಶ್ನೆಯನ್ನು ಸುಪ್ರೀಂ ಕೋರ್ಟು ಐವರ ಪೀಠಕ್ಕೆ ಒಪ್ಪಿಸಿತು. 1980ರಲ್ಲೇ ಉತ್ತರ ಸಿದ್ಧವಿರಬೇಕಿದ್ದ ಪ್ರಶ್ನೆ. ಸಂಸತ್ತು ಈ ಶಿಕ್ಷೆಯನ್ನು ತೆಗೆಯುವವರೆಗೆ ಯಾವ ಹೈಕೋರ್ಟೂ ಒಂದೇ ಒಂದು ಗಲ್ಲನ್ನೂ ಖಾಯಂ ಮಾಡಬಾರದು; ಈಗಾಗಲೇ ಗಲ್ಲಿನ ಕೋಣೆಗಳಲ್ಲಿರುವವರ ಶಿಕ್ಷೆಯನ್ನು ಸರ್ಕಾರಗಳು ಜೀವಾವಧಿಗೆ ಇಳಿಸಬೇಕು, ಯರವಡಾದಲ್ಲೂ, ಬೆಳಗಾವಿಯ ಹಿಂಡಲಗಾದಲ್ಲೂ.